ಎಲುಬಿಗೆ ನಂಟನಾದ ಲೋಹ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯಲ್ಲಿ ದೊಡ್ಡಉಳ್ಳಾರ್ತಿ ಎಂಬ ಊರಿದೆ. ಮೈಸೂರಿನ ಅರಸರು ಅಮೃತಮಹಲ್ ದನಗಳಿಗೆಂದು ಮೀಸಲಿಟ್ಟ ವಿಸ್ತಾರವಾದ ಹುಲ್ಲುಗಾವಲುಗಳಲ್ಲಿ ಉಳ್ಳಾರ್ತಿ ಕಾವಲೂ ಒಂದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ಇಲಾಖೆಯ ಎತ್ತುಗಳು ಸೈನ್ಯದ ಸಾಮಾನು ಸರಂಜಾಮುಗಳನ್ನೂ ಫಿರಂಗಿಗಳನ್ನೂ ಎಳೆದು ನಾಡಿನುದ್ದಗಲ ನಡೆದವು. ಎತ್ತಿನ ಕಾಲು ಎಷ್ಟೇ ಗಟ್ಟಿಯಾಗಿದ್ದರೂ ಬಂಡಿಯ ಭಾರ ನಿಲ್ಲುತ್ತಿದ್ದುದು ಅಚ್ಚಿನ ಮೇಲೆ. ಅಚ್ಚಿಗೂ ಗಾಲಿಯ ಗುಂಬಕ್ಕೂ ನಡುವೆ ಹರಳೆಣ್ಣೆಯಲ್ಲಿ ಕಲಸಿದ ಕಪ್ಪು ಕೀಲೆಣ್ಣೆಯನ್ನು ಸವರದೆ ಯಾವ ಗಾಡಿಯವನೂ ಹಾದಿ ಹಿಡಿಯುತ್ತಿರಲಿಲ್ಲ. ಸವರಿದರೂ ಅಚ್ಚು ಸವೆಯುತ್ತಿತ್ತು. ಸವೆದಾಗ ಕಮ್ಮಾರನು ಬದಲಿಸಿಕೊಡುತ್ತಿದ್ದನು.

ಬಂಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹೊಡೆಯುವುದನ್ನು ಕನ್ನಡಿಗರು ಕಡೆಗೀಲು ಎಂದರು. ಮನುಷ್ಯನ ಸೊಂಟ, ಮಂಡಿ, ಭುಜಗಳಲ್ಲಿ ಎಲುಬಿಗೆ ಎಲುಬು ಕೂಡುವ ಎಡೆಯನ್ನೂ ಕೀಲು ಎಂದೇ ಕರೆದರು. ಎರಡೂ ಭಾರ ಹೊರುವ, ಉಜ್ಜಾಡುವ, ಸವೆಯುವ ತಾಣಗಳೆಂಬುದನ್ನು ಭಾಷೆ ಎಂದೋ ಗುರುತಿಸಿತ್ತು. ಆದರೆ ಬಂಡಿಯ ಅಚ್ಚನ್ನು ಬದಲಿಸುವ ಕಮ್ಮಾರ ಊರೂರಿಗೂ ಇದ್ದನು. ಮೈಯ ಕೀಲನ್ನು ಬದಲಿಸುವ ಕಮ್ಮಾರನಿಗಾಗಿ ಮನುಷ್ಯನು ಇಪ್ಪತ್ತನೆಯ ಶತಮಾನದ ತನಕ ಕಾಯಬೇಕಾಯಿತು. ಆ ಕಮ್ಮಾರನ ಕೈಗೆ ಬಂದ ಲೋಹಗಳಲ್ಲಿ ಇಂದು ಎಲ್ಲರ ಬಾಯಲ್ಲಿರುವುದು ಟೈಟೇನಿಯಂ. ಅದರ ಗುಣಗಳನ್ನು ಹೊಗಳುವವರು ಬಹಳ. ಅದಕ್ಕೊಂದು ದೊಡ್ಡ ದೋಷವಿದೆ ಎಂಬುದನ್ನು ಮಾತ್ರ ಶಸ್ತ್ರಚಿಕಿತ್ಸೆಗೆ ಹಣ ಹೊಂದಿಸುವ ಮನೆಯವರಿಗೆ ಹೇಳುವವರು ಕಡಮೆ. ಎಲುಬಿನೊಡನೆ ಇಷ್ಟು ಚೆನ್ನಾಗಿ ಬಾಳುವ ಈ ಲೋಹ ಉಜ್ಜಾಟವನ್ನು ತಾಳಲಾರದು.

ಹೆಜ್ಜೆಯ ಲೆಕ್ಕ

ಪ್ರಕೃತಿ ಮಾಡಿಟ್ಟ ಕೀಲು ಒಂದು ಅದ್ಭುತವೆನ್ನದೆ ಗತಿಯಿಲ್ಲ. ತೊಡೆಯೆಲುಬಿನ ಮೇಲ್ತುದಿ ಒಂದು ಗುಂಡು. ಸೊಂಟದೆಲುಬಿನಲ್ಲಿ ಅದಕ್ಕೆ ಸರಿಹೊಂದುವ ಒಂದು ಬಟ್ಟಲು. ಎರಡಕ್ಕೂ ನುಣುಪಾದ ಮೃದ್ವಸ್ಥಿಯ ಹೊದಿಕೆ. ನಡುವೆ ಮೊಟ್ಟೆಯ ಲೋಳೆಯಂತಹ ಒಂದು ಸ್ನಿಗ್ಧ ದ್ರವ. ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸುಲಭವಾಗಿ ಇದು ಜಾರಬಲ್ಲದು. ಹತ್ತು ಕಿಲೋಗ್ರಾಮ್ ಭಾರವನ್ನು ಇಂತಹ ಮೈಯ ಮೇಲೆ ಎಳೆಯಲು ನೂರು ಗ್ರಾಮಿನಷ್ಟು ಬಲ ಸಾಕು. ಒಣ ಟೈಟೇನಿಯಮ್ಮಿನ ಮೇಲೆ ಟೈಟೇನಿಯಮ್ಮನ್ನೇ ಎಳೆಯುವುದಾದರೆ ಅದೇ ಭಾರಕ್ಕೆ ಐದು ಕಿಲೋಗ್ರಾಮಿನ ಬಲ ಬೇಕು.

ಕೀಲಿನ ಮೇಲಿನ ಹೊರೆಯೂ ಸಾಮಾನ್ಯವಾದುದಲ್ಲ. ಸುಮ್ಮನೆ ನಡೆಯುವಾಗಲೇ ಸೊಂಟದ ಕೀಲಿನ ಮೇಲೆ ದೇಹದ ತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. ಕಾರಣ ಸುತ್ತಲಿನ ಸ್ನಾಯುಗಳ ಬಿಗಿತ. ಅರವತ್ತು ಕಿಲೋಗ್ರಾಮಿನ ಆಸಾಮಿ ಹೆಜ್ಜೆ ಹೆಜ್ಜೆಗೂ ನೂರೈವತ್ತು ಕಿಲೋಗ್ರಾಮಿಗೆ ಮೀರಿದ ಭಾರವನ್ನು ಆ ಪುಟ್ಟ ಗುಂಡಿನ ಮೇಲೆ ಹೇರುತ್ತಾನೆ. ಸಾಮಾನ್ಯನೊಬ್ಬನು ವರ್ಷಕ್ಕೆ ಒಂದೊಂದು ಕಾಲಿನಲ್ಲೂ ಸುಮಾರು ೧೦ ಲಕ್ಷ ಹೆಜ್ಜೆ ಇಡುತ್ತಾನೆಂದು ಕೃತಕ ಕೀಲುಗಳನ್ನು ಪರೀಕ್ಷಿಸುವವರ ಲೆಕ್ಕ. ಇದು ಪಟ್ಟಣದ ಮನುಷ್ಯನ ಲೆಕ್ಕ. ಚಳ್ಳಕೆರೆಯ ಬಯಲಿನಲ್ಲಿ ಕುರಿಯ ಹಿಂದೆ ಬೆಳಗಿನಿಂದ ಬೈಗಿನವರೆಗೆ ನಡೆಯುವವನ ಹೆಜ್ಜೆಗಳನ್ನು ಯಾರೂ ಎಣಿಸಿದಂತಿಲ್ಲ.

ಇಷ್ಟೆಲ್ಲ ತಾಳುವ ಮೃದ್ವಸ್ಥಿಗೆ ಒಂದು ಕೊರತೆಯುಂಟು. ಅದರೊಳಗೆ ರಕ್ತನಾಳಗಳಿಲ್ಲ. ಒಮ್ಮೆ ಸವೆದರೆ ಅದು ಮತ್ತೆ ಮೊದಲಿನಂತೆ ಬೆಳೆಯದು. ಎಲುಬಿಗೆ ಎಲುಬು ತಾಗತೊಡಗಿದಾಗ ನೋವು, ಬಿಗಿತ, ಕುಂಟು, ಕೊನೆಗೆ ಹಾಸಿಗೆ.

ಮಗ್ಗದ ಹಲ್ಲಿನಿಂದ ಬಂದ ಬಟ್ಟಲು

ಸವೆದ ಸೊಂಟದ ಕೀಲಿಗೆ ಬದಲು ಕೀಲು ಹಾಕುವ ವಿದ್ಯೆಯನ್ನು ನೆಲೆಗೊಳಿಸಿದವನು ಇಂಗ್ಲೆಂಡಿನ ಲ್ಯಾಂಕಶೈರಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ. ಇತರ ವೈದ್ಯರು ಮೂಳೆಯ ಆಕಾರದ ಕುರಿತು ಯೋಚಿಸುತ್ತಿದ್ದಾಗ ಅವನು ಘರ್ಷಣೆಯ ಕುರಿತು ಯೋಚಿಸಿದನು. ಗುಂಡು ಚಿಕ್ಕದಾದಷ್ಟೂ ಬಟ್ಟಲನ್ನು ತಿರುಚುವ ಎಳೆತ ಕಡಮೆ ಎಂದು ಲೆಕ್ಕ ಹಾಕಿ, ಸುಮಾರು ೨೨ ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡನ್ನು ಆರಿಸಿಕೊಂಡನು. ಬಟ್ಟಲಿಗೆ ಅವನು ಹಿಡಿದ ವಸ್ತು ಟೆಫ್ಲಾನ್. ಇಂದು ದೋಸೆಯ ಕಾವಲಿಗೆ ಹಚ್ಚುವ ಟೆಫ್ಲಾನೇ ಅದು; ಅದಕ್ಕಿಂತ ಜಾರುವ ವಸ್ತು ಆಗ ಇನ್ನೊಂದಿರಲಿಲ್ಲ.

೧೯೫೮ರಿಂದ ಮುಂದಕ್ಕೆ ಸುಮಾರು ೩೦೦ ಮಂದಿಗೆ ಈ ಟೆಫ್ಲಾನ್ ಬಟ್ಟಲನ್ನು ಕೂಡಿಸಲಾಯಿತು. ಮೊದಮೊದಲು ಫಲಿತಾಂಶ ಬೆರಗುಗೊಳಿಸುವಂತಿತ್ತು. ಊರುಗೋಲು ಎಸೆದು ನಡೆದವರುಂಟು. ಆದರೆ ಎರಡು ಮೂರು ವರ್ಷಗಳು ಕಳೆಯುವುದರೊಳಗೆ ಒಬ್ಬೊಬ್ಬರಾಗಿ ಹಿಂತಿರುಗಿದರು. ಉಕ್ಕಿನ ಗುಂಡು ಟೆಫ್ಲಾನನ್ನು ಕೊರೆದುಕೊಂಡು ಒಳಹೊಕ್ಕಿತ್ತು. ಅದಕ್ಕಿಂತ ಕೇಡಿನ ಸಂಗತಿಯೆಂದರೆ, ಉದುರಿದ ಪುಡಿಯ ಸುತ್ತ ಮೈಯೊಳಗೆ ಮುದ್ದೆಮುದ್ದೆಯಾದ ಉರಿಯೂತದ ಗಂಟುಗಳು ಬೆಳೆದಿದ್ದವು. ಜಾರುವ ಗುಣವೇ ಬೇರೆ, ಸವೆಯದಿರುವ ಗುಣವೇ ಬೇರೆ ಎಂಬ ಪಾಠವನ್ನು ಚಾರ್ನ್‌ಲಿ ಆ ಮುನ್ನೂರು ಮಂದಿಯ ಸೊಂಟಗಳಲ್ಲಿ ಕಲಿಯಬೇಕಾಯಿತು. ಸೋತ ಕೀಲುಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಗಳನ್ನೂ ಅವನು ತಾನೇ ಮಾಡಿದನು.

ಅಷ್ಟರಲ್ಲಿ, ೧೯೬೨ರಲ್ಲಿ, ಒಬ್ಬ ಮಾರಾಟಗಾರನು ಆಸ್ಪತ್ರೆಯ ಕಾರ್ಯಾಗಾರಕ್ಕೆ ಒಂದು ಬಗೆಯ ಗಟ್ಟಿ ಪಾಲಿಥೀನಿನ ತುಣುಕೊಂದನ್ನು ತಂದುಕೊಟ್ಟನು. ಲ್ಯಾಂಕಶೈರಿನ ಬಟ್ಟೆಯ ಗಿರಣಿಗಳಲ್ಲಿ ಮಗ್ಗದ ಹಲ್ಲುಚಕ್ರಗಳಿಗೆ ಅದನ್ನು ಬಳಸುತ್ತಿದ್ದರು. ಚಾರ್ನ್‌ಲಿ ಉಗುರಿನಿಂದ ಅದನ್ನೊಮ್ಮೆ ಕೆರೆದು ನೋಡಿ, ಪ್ರಯೋಜನವಿಲ್ಲವೆಂದು ತಳ್ಳಿಹಾಕಿದನೆಂದು ಹೇಳುತ್ತಾರೆ. ಅವನ ಸಹಾಯಕ ಹ್ಯಾರಿ ಕ್ರೇವನ್ ಸುಮ್ಮನಾಗಲಿಲ್ಲ. ತುಣುಕನ್ನು ಸವೆತದ ಯಂತ್ರಕ್ಕೆ ಕೊಟ್ಟು ಹಗಲಿರುಳು ಓಡಿಸಿದನು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರಗಳಲ್ಲಿಯೂ ಸವೆದಿರಲಿಲ್ಲ. ಇಷ್ಟಾದರೂ ಚಾರ್ನ್‌ಲಿ ಆತುರಪಡಲಿಲ್ಲ. ಸುಟ್ಟುಕೊಂಡ ಕೈ ಅದು. ಟೆಫ್ಲಾನಿನ ಪುಡಿಯನ್ನೂ ಪಾಲಿಥೀನಿನ ಪುಡಿಯನ್ನೂ ತನ್ನ ತೊಡೆಯೊಳಕ್ಕೇ ಸೇರಿಸಿಕೊಂಡು ತಿಂಗಳುಗಟ್ಟಲೆ ಕಾದನು. ಟೆಫ್ಲಾನ್ ಇದ್ದೆಡೆ ಗಂಟು ಕಟ್ಟಿತು. ಪಾಲಿಥೀನ್ ಇದ್ದೆಡೆ ಅಂತಹುದು ಕಾಣಲಿಲ್ಲ. ೧೯೬೨ರ ನವೆಂಬರಿನಲ್ಲಿ ಪಾಲಿಥೀನ್ ಬಟ್ಟಲಿನ ಮೊದಲ ಕೀಲು ರೋಗಿಯ ಮೈಸೇರಿತು. ಇಂದು ಜಗತ್ತಿನಾದ್ಯಂತ ಹಾಕುವ ಕೃತಕ ಸೊಂಟಗಳಲ್ಲಿ ಬಹುಪಾಲಿನ ವಂಶವೃಕ್ಷ ಆ ಮಗ್ಗದ ಹಲ್ಲಿಗೇ ಮುಟ್ಟುತ್ತದೆ.

ಪಾಲಿಥೀನೂ ಸವೆಯದೆ ಇರಲಿಲ್ಲ. ಹಳೆಯ ಬಗೆಯದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ತೆಳುವಾಗುತ್ತಿತ್ತು. ಕೇಳಲು ಅಲ್ಪವೇ ಸರಿ. ಆದರೆ ಉದುರುವ ಕಣ ಒಂದು ಮೈಕ್ರಾನಿಗಿಂತಲೂ ಚಿಕ್ಕದು. ಒಂದೊಂದು ಹೆಜ್ಜೆಗೂ ಲಕ್ಷಗಟ್ಟಲೆ ಕಣಗಳು ಉದುರುತ್ತವೆಂದು ಲೆಕ್ಕ ಹಾಕಿದ್ದಾರೆ. ದೇಹದ ಕಾವಲುಗಾರ ಕೋಶಗಳು ಇವನ್ನು ಹೊರಗಿನ ರೋಗಾಣುಗಳೆಂದೇ ತಿಳಿದು ನುಂಗುತ್ತವೆ. ಜೀರ್ಣಿಸಲಾರವು, ಉಗುಳಲಾರವು. ಸಂಕಟಕ್ಕೊಳಗಾಗಿ ಅವು ಹೊರಸೂಸುವ ರಾಸಾಯನಿಕ ಸಂದೇಶಗಳು ಎಲುಬನ್ನು ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ಕೀಲನ್ನು ಹಿಡಿದು ನಿಂತ ಎಲುಬೇ ಗೆದ್ದಲು ಹಿಡಿದ ತೊಲೆಯಂತೆ ಒಳಗೊಳಗೇ ಟೊಳ್ಳಾಗುತ್ತದೆ. ಕೀಲು ಮುರಿಯುವುದಿಲ್ಲ, ಸಡಿಲವಾಗುತ್ತದೆ. ಅದೂ ಹತ್ತು ಹದಿನೈದು ವರ್ಷಗಳ ಮೇಲೆ, ಬಹುಕಾಲ ನೋವಿನ ಸುಳಿವನ್ನೂ ಕೊಡದೆ. ಕೃತಕ ಕೀಲಿನ ಆಯುಸ್ಸನ್ನು ನಿರ್ಣಯಿಸುವುದು ಈ ಕಣ್ಣಿಗೆ ಕಾಣದ ಧೂಳು. ೧೯೯೦ರ ದಶಕದ ಕೊನೆಗೆ ವಿಕಿರಣದಿಂದ ಹದಗೊಳಿಸಿದ ಹೊಸ ಪಾಲಿಥೀನ್ ಬಂದಮೇಲೆ ಧೂಳು ಬಹಳಷ್ಟು ತಗ್ಗಿದೆ.

ಮರಳಿನೊಳಗಿನ ನಂಟ

ಬಟ್ಟಲಿನ ಕಥೆ ಹೀಗಾದರೆ ಲೋಹದ ಕಥೆ ಮತ್ತೊಂದು. ೧೭೯೧ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಕಪ್ಪು ಮರಳಿನಲ್ಲಿ ಇದರ ಸುಳಿವು ಕಂಡನು. ನಾಲ್ಕು ವರ್ಷಗಳ ಮೇಲೆ ಜರ್ಮನಿಯ ಕ್ಲಾಪ್ರೋತ್ ಗ್ರೀಕ್ ಪುರಾಣದ ಭೂಪುತ್ರರ ಹೆಸರಿಟ್ಟನು. ಆದರೆ ಅದಿರಿನಿಂದ ಇದನ್ನು ಬಿಡಿಸುವುದು ಮಹಾಕಷ್ಟ. ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ ೧೯೪೦ರ ವೇಳೆಗೆ ಸಾಧ್ಯವಾಗಿಸಿದ ವಿಧಾನವೇ ಇಂದಿಗೂ ಮುಖ್ಯ ವಿಧಾನ. ಕೇರಳದ ಕಡಲತಡಿಯ ಕಪ್ಪು ಮರಳಿನಲ್ಲಿ ಇದರ ಅದಿರು ಧಾರಾಳವಾಗಿದೆ. ಆದರೂ ಅಲ್ಲಿನ ಚವರದಲ್ಲಿ ಲೋಹವನ್ನೇ ತೆಗೆಯುವ ಕಾರ್ಖಾನೆ ಎದ್ದುದು ೨೦೧೧ರಲ್ಲಿ. ಹೈದರಾಬಾದಿನ ಮಿಶ್ರ ಧಾತು ನಿಗಮ ಇದರ ಮಿಶ್ರಲೋಹಗಳನ್ನೂ ಮೈಯೊಳಗೆ ಇಡುವ ಸಲಕರಣೆಗಳನ್ನೂ ತಯಾರಿಸುತ್ತದೆ.

ಸ್ವೀಡನ್ನಿನ ಬ್ರೋನೆಮಾರ್ಕ್ ೧೯೫೨ರಲ್ಲಿ ಮೊಲದ ಕಾಲೆಲುಬಿನೊಳಗೆ ರಕ್ತದ ಹರಿವನ್ನು ನೋಡಲೆಂದು ಟೈಟೇನಿಯಮ್ಮಿನ ಪುಟ್ಟ ಕೊಳವೆಯೊಂದನ್ನು ಇಟ್ಟಿದ್ದನು. ಕೆಲಸ ಮುಗಿದಮೇಲೆ ತೆಗೆಯಹೋದರೆ ಅದು ಬರಲೊಲ್ಲದು. ಎಲುಬು ಅದನ್ನು ತನ್ನದೆಂದೇ ಅಪ್ಪಿಕೊಂಡಿತ್ತು. ೧೯೬೫ರಲ್ಲಿ ಅವನು ಮನುಷ್ಯನ ದವಡೆಯಲ್ಲಿ ಟೈಟೇನಿಯಮ್ಮಿನ ಬೇರಿನ ಮೇಲೆ ಹಲ್ಲು ನಿಲ್ಲಿಸಿದನು. ಉಕ್ಕಾಗಲಿ ಕೋಬಾಲ್ಟ್ ಮಿಶ್ರಲೋಹವಾಗಲಿ ಎಲುಬಿನ ಪಾಲಿಗೆ ಬಂದುಹೋಗುವ ಅತಿಥಿ. ಟೈಟೇನಿಯಂ ಮಾತ್ರ ನಂಟ.

ಈ ನಂಟಿಗೆ ಕಾರಣವೇನು? ಗಾಳಿ ಸೋಕಿದೊಡನೆ ಟೈಟೇನಿಯಮ್ಮಿನ ಮೈಮೇಲೆ ಆಕ್ಸೈಡಿನ ಒಂದು ಪೊರೆ ಮೂಡುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ಸಾಮಾನ್ಯವಾಗಿ ಕಡಮೆಯೇ. ಅಷ್ಟು ತೆಳುವಾದ ಪೊರೆಯೇ ದೇಹದ ಉಪ್ಪುನೀರಿಗೆ ಲೋಹವನ್ನು ಬಿಟ್ಟುಕೊಡದೆ ಕಾಯುತ್ತದೆ. ಗೀರು ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಮತ್ತೆ ಮೂಡುತ್ತದೆ. ಇನ್ನೊಂದು ಅನುಕೂಲವೂ ಉಂಟು. ಉಕ್ಕು ಎಲುಬಿಗಿಂತ ಹತ್ತು ಪಟ್ಟು ಬಿಗು. ಟೈಟೇನಿಯಂ ಮಿಶ್ರಲೋಹದ ಬಿಗು ಅದರ ಅರ್ಧದಷ್ಟು. ಬಿಗುವಾದ ಲೋಹ ಭಾರವನ್ನೆಲ್ಲ ತಾನೇ ಹೊತ್ತು ಎಲುಬನ್ನು ಸೋಮಾರಿಯಾಗಿಸುತ್ತದೆ, ಸೋಮಾರಿಯಾದ ಎಲುಬು ಕರಗುತ್ತದೆ. ಕೊಂಚ ಬಾಗುವ ಲೋಹ ಎಲುಬಿಗೂ ಅದರ ಪಾಲನ್ನು ಬಿಟ್ಟುಕೊಡುತ್ತದೆ.

ಹೀಗೆ ೧೯೫೦ರ ದಶಕದಲ್ಲಿ ವಿಮಾನಗಳಿಗೆಂದು ಹುಟ್ಟಿದ, ನೂರಕ್ಕೆ ಆರು ಪಾಲು ಅಲ್ಯೂಮಿನಿಯಮ್ಮೂ ನಾಲ್ಕು ಪಾಲು ವೆನೇಡಿಯಮ್ಮೂ ಬೆರೆತ ಟೈಟೇನಿಯಂ ಮಿಶ್ರಲೋಹ ಆಸ್ಪತ್ರೆಗೆ ಬಂದಿತು. ಹಗುರ, ಗಟ್ಟಿ, ತುಕ್ಕು ಹಿಡಿಯದು, ಎಲುಬಿಗೆ ಇಷ್ಟ. ಇನ್ನೇನು ಬೇಕು ಎಂದುಕೊಂಡು ೧೯೭೦-೮೦ರ ದಶಕಗಳಲ್ಲಿ ಕೆಲವರು ಸೊಂಟದ ಗುಂಡನ್ನೂ ಇದರಲ್ಲಿಯೇ ಮಾಡಿದರು.

ಉಜ್ಜಾಟಕ್ಕೆ ಆಗದ ಮೈ

ಕೆಲವು ವರ್ಷಗಳ ಮೇಲೆ ಆ ಕೀಲುಗಳನ್ನು ಬಿಚ್ಚಿದಾಗ ಶಸ್ತ್ರವೈದ್ಯರಿಗೆ ಕಂಡದ್ದು ಕಪ್ಪು. ಗುಂಡಿನ ಸುತ್ತಲಿನ ಮಾಂಸವೆಲ್ಲ ಮಸಿ ಬಳಿದಂತಾಗಿತ್ತು. ಕನ್ನಡಿಯಂತಿದ್ದ ಗುಂಡಿನ ತುಂಬ ಗೀರುಗಳು. ಗೀರುಬಿದ್ದ ಗುಂಡು ಪಾಲಿಥೀನ್ ಬಟ್ಟಲನ್ನು ಅರದಂತೆ ಉಜ್ಜಿತ್ತು.

ಆರ್ಚರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ೧೯೫೩ರಲ್ಲಿ ಸವೆತಕ್ಕೆ ಒಂದು ಸರಳ ಸೂತ್ರ ಕೊಟ್ಟಿದ್ದನು: ಭಾರ ಹೆಚ್ಚಿದಂತೆ, ಉಜ್ಜುವ ದೂರ ಹೆಚ್ಚಿದಂತೆ ಸವೆತ ಹೆಚ್ಚುತ್ತದೆ, ವಸ್ತು ಗಡುಸಾದಷ್ಟೂ ಸವೆತ ತಗ್ಗುತ್ತದೆ. ಈ ಸೂತ್ರದ ಪ್ರಕಾರ ಟೈಟೇನಿಯಂ ಮಿಶ್ರಲೋಹ ಇಷ್ಟು ಕೆಟ್ಟದಾಗಿ ಸವೆಯಬಾರದು. ಅದೇನೂ ತೀರ ಮೆದುವಲ್ಲ. ಗುಟ್ಟಿರುವುದು ಬೇರೆಡೆ. ಅದನ್ನು ಕಾಯುವ ಪೊರೆ ತುಕ್ಕಿನ ಮುಂದೆ ವೀರ, ಉಜ್ಜಾಟದ ಮುಂದೆ ಹೇಡಿ. ಒರಸಿದೊಡನೆ ಪೊರೆ ಒಡೆಯುತ್ತದೆ. ಬಯಲಾದ ಲೋಹ ಎದುರಿನ ಮೈಗೆ ಬೆಸುಗೆಯಂತೆ ಅಂಟಿಕೊಳ್ಳುತ್ತದೆ. ಮುಂದಿನ ಚಲನೆಯಲ್ಲಿ ಅಂಟಿದ ತುಣುಕು ಕಿತ್ತುಬರುತ್ತದೆ. ಒಡೆದ ಪೊರೆಯ ಚೂರುಗಳೋ ಲೋಹಕ್ಕಿಂತ ಎಷ್ಟೋ ಗಡುಸು. ನಡುವೆ ಸಿಕ್ಕಿಕೊಂಡ ಅವು ಬೀಸುವ ಕಲ್ಲಿಗೆ ಬಿದ್ದ ಮರಳಿನಂತೆ ಎರಡೂ ಮೈಗಳನ್ನು ಕೆರೆಯುತ್ತವೆ. ಒಡೆದ ಪೊರೆ ಮತ್ತೆ ಮೂಡುತ್ತದೆ, ಮತ್ತೆ ಒಡೆಯುತ್ತದೆ. ಹೆಜ್ಜೆಗೊಮ್ಮೆ ಹೀಗಾದರೆ ವರ್ಷಕ್ಕೆ ಹತ್ತು ಲಕ್ಷ ಸಲ.

ಬೆಂಗಳೂರಿನ ಪೀಣ್ಯದಂತಹ ಕಡೆ ಲೇತ್ ಯಂತ್ರದ ಮುಂದೆ ನಿಲ್ಲುವವರಿಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾದ್ದಿಲ್ಲ; ಟೈಟೇನಿಯಂ ಕಡೆಯುವಾಗ ಉಳಿಯ ತುದಿಗೇ ಮೆತ್ತಿಕೊಳ್ಳುವುದು ಅವರ ನಿತ್ಯದ ಗೋಳು. ಮೂಳೆವೈದ್ಯರಿಗೂ ಗೊತ್ತು. ಸ್ಕೂಟರಿನಿಂದ ಬಿದ್ದು ಕೈಮುರಿದವನಿಗೆ ಟೈಟೇನಿಯಂ ಪಟ್ಟಿಯನ್ನು ಟೈಟೇನಿಯಂ ತಿರುಪುಗಳಿಂದ ಬಿಗಿದು, ಎರಡು ವರ್ಷ ಕಳೆದು ತೆಗೆಯಹೋದರೆ ಕೆಲವೊಮ್ಮೆ ತಿರುಪು ಪಟ್ಟಿಗೇ ಬೆಸೆದುಕೊಂಡು ತಿರುಗಲೊಲ್ಲದೆ ಹೋಗುತ್ತದೆ. ಆಗ ಅದನ್ನು ಕೊರೆದೇ ತೆಗೆಯಬೇಕು.

ಹೀಗಾಗಿ ವೈದ್ಯಲೋಕ ಒಂದು ಒಪ್ಪಂದಕ್ಕೆ ಬಂದಿತು. ಎಲುಬಿನೊಳಗೆ ಅಲುಗದೆ ನಿಲ್ಲುವ ದಂಡಕ್ಕೆ ಟೈಟೇನಿಯಂ, ಉಜ್ಜಾಡುವ ಗುಂಡಿಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ ಅಥವಾ ಪಿಂಗಾಣಿಯ ಜಾತಿಯ ಗಡುಸು ವಸ್ತು, ಬಟ್ಟಲಿಗೆ ಪಾಲಿಥೀನ್. ಒಪ್ಪಂದ ಚೆನ್ನಾಗಿಯೇ ಇದೆ. ಆದರೆ ಗುಂಡನ್ನು ದಂಡದ ಕುತ್ತಿಗೆಗೆ ಕೂಡಿಸಲೇಬೇಕಷ್ಟೆ. ಅಲುಗದೆಂದು ನಂಬಿದ ಆ ಬೆಸುಗೆಯಿಲ್ಲದ ಜೋಡಣೆಯಲ್ಲಿಯೂ ಹೆಜ್ಜೆ ಹೆಜ್ಜೆಗೆ ಕೆಲವೇ ಮೈಕ್ರಾನುಗಳಷ್ಟು ಸಣ್ಣ ಅಲುಗಾಟವಿರುತ್ತದೆ. ಸಂದಿನೊಳಗೆ ಮೈಯ ದ್ರವ ಹೊಕ್ಕು ನಿಲ್ಲುತ್ತದೆ. ಪೊರೆ ಒಡೆದು ಮೂಡಿ ಒಡೆದು ಮೂಡಿ, ಅಲ್ಲಿಯ ದ್ರವ ಹುಳಿಯಾಗುತ್ತದೆ. ಸವೆತಕ್ಕೆ ತುಕ್ಕು ಜೊತೆಯಾಗುತ್ತದೆ. ಇಂದು ಸಂಶೋಧಕರ ನಿದ್ದೆಗೆಡಿಸಿರುವ ಸಂದುಗಳಲ್ಲಿ ಇದು ಮುಖ್ಯವಾದುದು.

ಲೋಹಕ್ಕೆ ಲೋಹವನ್ನೇ ಉಜ್ಜಿಸಹೋದ ಸಾಹಸದ ಕಥೆ ಇನ್ನೂ ಹಸಿಯಾಗಿದೆ. ಪಾಲಿಥೀನಿನ ಧೂಳೇ ಬೇಡವೆಂದು ಗುಂಡನ್ನೂ ಬಟ್ಟಲನ್ನೂ ಕೋಬಾಲ್ಟ್-ಕ್ರೋಮಿಯಮ್ಮಿನಲ್ಲಿ ಮಾಡಿದ ಡಿಪ್ಯೂ ಕಂಪನಿಯ ಎ.ಎಸ್.ಆರ್. ಸೊಂಟಗಳನ್ನು ೨೦೧೦ರ ಆಗಸ್ಟಿನಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಆ ವೇಳೆಗೆ ಸುಮಾರು ೯೩,೦೦೦ ಮಂದಿಯ ಮೈಯಲ್ಲಿ ಅವು ಸೇರಿದ್ದವು. ಭಾರತದಲ್ಲಿ ಸುಮಾರು ೪,೭೦೦. ಕಂಪನಿಯೂ ಲೋಹವೂ ಇಲ್ಲಿ ನೆಪ ಮಾತ್ರ. ಉಜ್ಜಾಟದಿಂದ ಹುಟ್ಟುವುದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಮೊದಲೇ ಸರಿಯಾದ ಉತ್ತರ ಹುಡುಕದೆ ಮುಂದಡಿಯಿಟ್ಟದ್ದರ ಫಲ ಅದು. ಸ್ವೀಡನ್ ೧೯೭೯ರಷ್ಟು ಹಿಂದೆಯೇ ತನ್ನ ದೇಶದಲ್ಲಿ ಹಾಕುವ ಸೊಂಟದ ಕೀಲುಗಳನ್ನು ಲೆಕ್ಕದ ಪುಸ್ತಕಕ್ಕೆ ಏರಿಸತೊಡಗಿತ್ತು. ಯಾವ ಕೀಲು ಬೇಗ ಸೋಲುತ್ತದೆಂಬುದು ಅಂತಹ ಲೆಕ್ಕವಿದ್ದಲ್ಲಿ ಬೇಗ ಬಯಲಾಗುತ್ತದೆ.

ಹುಣಸೆಬೀಜದ ಸರಿ, ಚಿನ್ನದ ಬಣ್ಣದ ಹೊದಿಕೆ

ಚಳ್ಳಕೆರೆಯ ಕಡೆ ಕಂಬಳಿ ನೇಯುವವರು ನೂಲನ್ನು ಹಾಗೆಯೇ ಮಗ್ಗಕ್ಕೆ ಏರಿಸುವುದಿಲ್ಲ. ಹುಣಸೆಬೀಜದ ಸರಿಯನ್ನು ಸವರಿ ಒಣಗಿಸುತ್ತಾರೆ. ಉಜ್ಜಾಟಕ್ಕೆ ಉಣ್ಣೆಯ ಎಳೆ ನೂಗೆದ್ದು ಹರಿಯಬಾರದೆಂದು. ಒಳಗಿನ ಗುಣ ಹಾಗೆಯೇ ಇರಲಿ, ಮೈಗೆ ಮಾತ್ರ ಬೇರೊಂದು ಗುಣ ಬರಲಿ ಎಂಬುದೇ ಆ ಉಪಾಯದ ತಿರುಳು. ಲೋಹಶಾಸ್ತ್ರಜ್ಞರು ಟೈಟೇನಿಯಮ್ಮಿಗೆ ಹೂಡಿರುವ ಉಪಾಯಗಳೂ ಈ ಜಾತಿಯವೇ. ಬಿಸಿಯಲ್ಲಿ ಸಾರಜನಕವನ್ನು ಉಣಿಸಿದರೆ ಟೈಟೇನಿಯಮ್ಮಿನ ಮೈಮೇಲೆ ಚಿನ್ನದ ಬಣ್ಣದ, ಬಹಳ ಗಡುಸಾದ ಹೊದಿಕೆ ಬರುತ್ತದೆ. ಕೆಲವು ಕೃತಕ ಮಂಡಿಗಳು ಬಂಗಾರದಂತೆ ಹೊಳೆಯುವುದಕ್ಕೆ ಕಾರಣ ಇದೇ. ಅದರಲ್ಲಿ ಚಿನ್ನವಿದೆಯೆಂದು ಭ್ರಮಿಸಬೇಕಾಗಿಲ್ಲ. ಅಯಾನುಗಳನ್ನು ಮೈಯೊಳಕ್ಕೆ ಗುಂಡಿನಂತೆ ಹೊಡೆಯುವುದುಂಟು. ವಜ್ರದ ಗುಣದ ಇಂಗಾಲವನ್ನು ಬಳಿಯುವುದುಂಟು. ತೊಡಕೇನೆಂದರೆ ಹೊದಿಕೆ ಗಡುಸು, ಅಡಿಯ ಲೋಹ ಅದಕ್ಕಿಂತ ಮೆದು. ಹಾಸಿಗೆಯ ಮೇಲೆ ಗಾಜು ಹಾಸಿ ನಡೆದಂತೆ, ಎಲ್ಲಾದರೂ ಬಿರಿದು ಚೂರೆದ್ದರೆ ಆ ಚೂರೇ ಹೊಸ ಶತ್ರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಮಸ್ಯೆಯ ಎರಡೂ ತುದಿಗಳನ್ನು ಹಿಡಿದು ಕೆಲಸ ನಡೆದಿದೆ. ಯಂತ್ರಶಾಸ್ತ್ರ ವಿಭಾಗದ ಸತೀಶ್ ವಿ. ಕೈಲಾಸ್ ಅವರ ಬಳಗ ಈ ಮಿಶ್ರಲೋಹದ ಕಡ್ಡಿಯನ್ನು ತಿರುಗುವ ಉಕ್ಕಿನ ಬಿಲ್ಲೆಯ ಮೇಲೆ ಒತ್ತಿ, ಎಳೆತವೆಷ್ಟು ಸವೆತವೆಷ್ಟು ಎಂದು ಅಳೆದು ೨೦೧೭ರಲ್ಲಿ ಪ್ರಕಟಿಸಿತು. ಬಿಲ್ಲೆಯ ಉಕ್ಕು ಮೂಳೆವೈದ್ಯರು ಬಳಸುವ ಜಾತಿಯದೇ. ಪದಾರ್ಥಶಾಸ್ತ್ರ ವಿಭಾಗದ ಕೌಶಿಕ್ ಚಟರ್ಜಿ, ಸತ್ಯಂ ಸುವಾಸ್ ಅವರ ಬಳಗಗಳು ಹಿಡಿದ ಹಾದಿ ಬೇರೆ. ದೇಹಕ್ಕೆ ಒಗ್ಗದೆಂಬ ಶಂಕೆಯಿರುವ ವೆನೇಡಿಯಮ್ಮನ್ನು ಬಿಟ್ಟು ನಿಯೋಬಿಯಂ, ತವರ ಮೊದಲಾದುವನ್ನು ಬೆರೆಸಿದ ಹೊಸ ಟೈಟೇನಿಯಂ ಮಿಶ್ರಲೋಹಗಳು. ಅವುಗಳ ಮೈಮೇಲೆ ಗಟ್ಟಿಯಾದ ಸಣ್ಣ ಗೋಲಿಗಳ ಆಲಿಕಲ್ಲಿನ ಮಳೆ. ಬಡಿತ ತಿಂದ ಮೇಲ್ಪದರದ ಹರಳುಗಳು ನುಣ್ಣಗೆ ಒಡೆದು ಗಡುಸಾಗುತ್ತವೆ. ಬೇರೆ ವಸ್ತುವನ್ನು ಬಳಿಯದೆ, ಅದೇ ಲೋಹದ ಚರ್ಮವನ್ನೇ ಹದಮಾಡುವ ಈ ಕ್ರಮದಲ್ಲಿ ಹೊದಿಕೆ ಕಳಚಿಬೀಳುವ ಭಯವಿಲ್ಲವೆಂಬುದು ಹೆಚ್ಚುಗಾರಿಕೆ.

ಉಜ್ಜಾಟದ ಪರೀಕ್ಷೆ ಕೀಲಿಗಷ್ಟೇ ಸೀಮಿತವಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ಎಂ. ಎಸ್. ವಲಿಯತ್ತಾನ್ ಅವರ ತಂಡ ದೇಶೀಯ ಹೃದಯಕವಾಟವನ್ನು ರೂಪಿಸಹೊರಟಾಗ ಮೊದಲ ಮೂರು ಮಾದರಿಗಳು ಸೋತವು. ಹೃದಯದ ಕವಾಟ ವರ್ಷಕ್ಕೆ ಸುಮಾರು ೪ ಕೋಟಿ ಸಲ ತೆರೆದು ಮುಚ್ಚಬೇಕು. ಕೀಲಿನ ಹತ್ತು ಲಕ್ಷ ಅದರ ಮುಂದೆ ಏನೂ ಅಲ್ಲ. ೧೯೯೦ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯ ಎದೆ ಸೇರಿದ ನಾಲ್ಕನೆಯ ಮಾದರಿಯಲ್ಲಿ ಚೌಕಟ್ಟು ಕೋಬಾಲ್ಟ್ ಮಿಶ್ರಲೋಹದ್ದು, ಬಿಲ್ಲೆ ಕೃತಕ ಕೀಲಿನ ಬಟ್ಟಲಿಗೆ ಬಳಸುವ ಜಾತಿಯ ಪಾಲಿಥೀನ್. ವಲಿಯತ್ತಾನ್ ಅವರು ಆಮೇಲೆ ಮಣಿಪಾಲದ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದು, ಅಲ್ಲಿಯೇ ನೆಲೆಸಿ ೨೦೨೪ರಲ್ಲಿ ತೀರಿಕೊಂಡರು.

ಬೆಲೆಯೂ ಹೆಸರೂ

ಭಾರತ ಸರ್ಕಾರ ೨೦೧೭ರ ಆಗಸ್ಟಿನಲ್ಲಿ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿತು. ಅದುವರೆಗೆ ಸರಾಸರಿ ಒಂದೂವರೆ ಲಕ್ಷ ರೂಪಾಯಿಗೆ ಮೀರಿ ಮಾರುತ್ತಿದ್ದ ಸಾಧಾರಣ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ೫೪,೭೨೦ ರೂಪಾಯಿಯ ಮಿತಿ ಬಂದಿತು. ಟೈಟೇನಿಯಂ ಮೊದಲಾದ ವಿಶೇಷ ಲೋಹಗಳದ್ದಕ್ಕೆ ೭೬,೬೦೦. ತೆರಿಗೆ ಬೇರೆ. ಮಧ್ಯಮವರ್ಗದ ಎಷ್ಟೋ ಮನೆಗಳಿಗೆ ಇದರಿಂದ ಉಸಿರು ಬಂದುದು ದಿಟ. ಆದರೆ ಬೆಲೆಯ ಪಟ್ಟಿಯಲ್ಲಿ ಟೈಟೇನಿಯಂ ಮೇಲಿನ ಮೆಟ್ಟಿಲೇರಿ ಕುಳಿತದ್ದರಿಂದ ಅದೇ ಹೆಚ್ಚು ಬಾಳುವುದೆಂಬ ನಂಬಿಕೆಯೂ ಬೆಳೆಯಿತು. ಅಮ್ಮನ ಮಂಡಿಗೆ ಟೈಟೇನಿಯಮ್ಮನ್ನೇ ಹಾಕಿಸಿದೆವು ಎಂದು ಹೇಳಿಕೊಳ್ಳುವುದರಲ್ಲಿ ಒಂದು ಬಗೆಯ ಪ್ರತಿಷ್ಠೆಯೂ ಸೇರಿಕೊಂಡಿದೆ.

ಸಾಧಾರಣ ಮಂಡಿಯಲ್ಲಿಯೂ ಕೆಳಗಿನ ಎಲುಬಿಗೆ ಕೂರುವ ತಟ್ಟೆ ಅನೇಕ ವೇಳೆ ಟೈಟೇನಿಯಮ್ಮಿನದೇ, ಅದು ಉಜ್ಜಾಡುವುದಿಲ್ಲ. ಉಜ್ಜಾಡುವುದು ಮೇಲಿನ ಎಲುಬಿನ ಟೋಪಿ ಮತ್ತು ನಡುವಿನ ಪಾಲಿಥೀನ್. ಟೋಪಿಯೂ ಟೈಟೇನಿಯಮ್ಮಾದರೆ ಅದರ ಮೇಲಿನ ಹೊದಿಕೆಯೇ ಅದರ ಪ್ರಾಣ. ನಿಕ್ಕಲ್ ಅಥವಾ ಕೋಬಾಲ್ಟಿಗೆ ಮೈ ಒಗ್ಗದವರಿಗೆ ಇದು ನಿಜವಾಗಿಯೂ ಉಪಕಾರಿ. ಉಳಿದವರು ವೈದ್ಯರನ್ನು ಕೇಳಬೇಕಾದ್ದು ಯಾವ ಲೋಹ ಎಂದಲ್ಲ. ಉಜ್ಜಾಡುವ ಎರಡು ಮೈಗಳು ಯಾವುವು, ನಡುವಿನ ಪಾಲಿಥೀನ್ ಹೊಸ ಬಗೆಯದೇ, ಈ ಮಾದರಿಯನ್ನು ಹತ್ತು ವರ್ಷ ಬಳಸಿದವರ ಲೆಕ್ಕ ಉಂಟೇ ಎಂದು ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಕೀಲಿನ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಮನೆಯ ಕಾಗದಪತ್ರಗಳೊಡನೆ ಜೋಪಾನವಾಗಿಡುವುದೂ ಅಗತ್ಯ. ಎ.ಎಸ್.ಆರ್. ಹಾಕಿಸಿಕೊಂಡವರಲ್ಲಿ ಎಷ್ಟೋ ಮಂದಿಯನ್ನು ಹುಡುಕಿ ಹಿಡಿಯುವುದೇ ದೊಡ್ಡ ಪ್ರಯಾಸವಾಯಿತು.

ಕೆಟ್ಟ ನೀರಿನ ಸೀಮೆ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಳಿಗೆ ಈ ವಿಷಯದಲ್ಲಿ ತಮ್ಮದೇ ಆದ ತೊಡಕೊಂದಿದೆ. ಇಲ್ಲಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ ೧ ಮಿಲಿಗ್ರಾಮ್ ಇರಬೇಕಾದ್ದು, ಬೇರೆ ನೀರಿಲ್ಲದೆಡೆ ಒಂದೂವರೆಯವರೆಗೆ ಸೈರಿಸಬಹುದಾದ್ದು. ಅದನ್ನು ದಾಟಿದ ನೀರನ್ನು ದಶಕಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಬೆನ್ನು ಬಿಗಿಯುತ್ತದೆ, ಕೀಲುಗಳು ಮಡಚಲಾರದೆ ಹೋಗುತ್ತವೆ. ಈ ಬಿಗಿತ ಸವೆತದ ಬಿಗಿತವಲ್ಲ. ಎಲುಬೂ ಅದನ್ನು ಕಟ್ಟಿದ ನಾರುಗಳೂ ಗಡುಸಾಗಿ ಬರುವ ಬಿಗಿತವದು. ಲೋಹದ ಕೀಲು ಅದಕ್ಕೆ ಮದ್ದಲ್ಲ, ಒಳ್ಳೆಯ ನೀರು ಮದ್ದು. ಫ್ಲೋರೈಡಿಗೂ ಟೈಟೇನಿಯಮ್ಮಿಗೂ ಇನ್ನೊಂದು ವೈರವುಂಟು. ಹುಳಿಯ ಜೊತೆ ಸೇರಿದ ಹೆಚ್ಚಿನ ಫ್ಲೋರೈಡ್, ಲೋಹವನ್ನು ಕಾಯುವ ಪೊರೆಯನ್ನೇ ಕರಗಿಸುತ್ತದೆ. ಟೈಟೇನಿಯಂ ಬೇರಿನ ಹಲ್ಲು ಹಾಕಿಸಿಕೊಂಡವರಿಗೆ ಹುಳಿಗುಣದ ಫ್ಲೋರೈಡ್ ಲೇಪವನ್ನು ದಂತವೈದ್ಯರು ಬಳಸದಿರುವುದು ಇದಕ್ಕಾಗಿ. ಕುಡಿಯುವ ನೀರಿನ ಫ್ಲೋರೈಡಿನಿಂದ ಸೊಂಟದೊಳಗಿನ ಲೋಹಕ್ಕೆ ಹೀಗಾಗುವುದೆಂದು ಹೆದರಬೇಕಾದ್ದಿಲ್ಲ. ಅಲ್ಲಿಯ ದ್ರವ ಹುಳಿಯಲ್ಲ.

೨೦೦೯-೧೦ರ ಸುಮಾರಿಗೆ ಚಳ್ಳಕೆರೆಯ ಕಾವಲುಗಳಲ್ಲಿ ಹತ್ತು ಸಾವಿರ ಎಕರೆಯಷ್ಟು ನೆಲವನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಉಳ್ಳಾರ್ತಿ ಕಾವಲಿನಲ್ಲಿ ಅಣುಸಂಶೋಧನೆಯವರಿಗೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ೧,೫೦೦ ಎಕರೆ. ಮೇವಿನ ನೆಲ ಹೋಯಿತೆಂದು ಸುತ್ತಲಿನ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯ ತನಕ ಹೋದರು. ಟೈಟೇನಿಯಮ್ಮಿನ ಚರ್ಮವನ್ನು ಹದಮಾಡುವ ವಿದ್ವಾಂಸರ ಸಂಸ್ಥೆ ಈಗ ಆ ಕುರಿಗಾಹಿಗಳಿಗೆ ನೆರೆಮನೆ.

ಅವರ ಕೀಲಿಗೆ ಆ ವಿದ್ಯೆ ಮುಟ್ಟಬೇಕಾದರೆ ಲೋಹವೊಂದೇ ಸಾಲದು. ಕೃತಕ ಸೊಂಟವನ್ನು ರೂಪಿಸಿದವರು ಕುರ್ಚಿಯ ಮೇಲೆ ಕೂರುವ ಜನ. ಕುಕ್ಕರಗಾಲಿನಲ್ಲಿ ಕುಳಿತು ಶೇಂಗಾ ಬಿಡಿಸುವ, ನೆಲದ ಮೇಲೆ ಉಣ್ಣುವ, ಬಯಲಿಗೆ ಹೋಗುವ ಬಾಳಿಗೆ ಅದು ಸುಲಭವಾಗಿ ಹೊಂದದು. ಆಳವಾಗಿ ಮಡಚಿದರೆ ಗುಂಡು ಬಟ್ಟಲಿನಿಂದ ಜಾರೀತೆಂದು ವೈದ್ಯರು ಎಚ್ಚರಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವರ್ಷಗಳಿಗೊಮ್ಮೆ ಎಕ್ಸ್‌ರೇ ತೆಗೆಸಿ ಎಲುಬು ಟೊಳ್ಳಾಗುತ್ತಿದೆಯೇ ಎಂದು ನೋಡಿಸಬೇಕು. ನೋವಿಲ್ಲದ ಕಾಲನ್ನು ತೋರಿಸಲು ಒಂದು ದಿನದ ಕೂಲಿ ಬಿಟ್ಟು ಚಿತ್ರದುರ್ಗಕ್ಕೋ ಬೆಂಗಳೂರಿಗೋ ಹೋಗಿಬರುವವರು ಹಳ್ಳಿಗಳಲ್ಲಿ ಎಷ್ಟು ಮಂದಿ? ಪಟ್ಟಣದಲ್ಲಿರುವ ಮಗನೋ ಮಗಳೋ ನೆನಪಿಟ್ಟು ಕರೆದೊಯ್ಯಬೇಕು. ಸಡಿಲವಾದ ಮಂಡಿಯನ್ನು ತೆಗೆದು ಎರಡನೆಯದನ್ನು ಕೂಡಿಸುವುದಾದರೆ, ಸರ್ಕಾರ ಅದೇ ೨೦೧೭ರಲ್ಲಿ ಆ ಎರಡನೆಯ ಮಂಡಿಗೆ ಕಟ್ಟಿದ ಬೆಲೆಯ ಮಿತಿ ೧,೧೩,೯೫೦ ರೂಪಾಯಿ: ಮೊದಲನೆಯದರ ಎರಡರಷ್ಟಕ್ಕೂ ಮೇಲೆ.